ಭಾನುವಾರದಾಚೆಯ ಚರ್ಚ್

ಮಂಗಳೂರಿನ ಹೊರವಲಯದ ಕಥೋಲಿಕ ಚರ್ಚುಗಳಲ್ಲಿ ಭಾನುವಾರದ ಬಲಿಪೂಜೆ ಮುಗಿಯುವ ಹೊತ್ತಿಗೆ ಧರ್ಮಗುರುಗಳು ಒಂದು ಹಾಳೆ ಕೈಗೆತ್ತಿಕೊಳ್ಳುತ್ತಾರೆ. ಅದರಲ್ಲಿರುವುದು ಹೆಚ್ಚಾಗಿ ಊರಿನ ಸುದ್ದಿ. ಬರುವ ವಾರ ರಕ್ತದಾನ ಶಿಬಿರವಿದೆ, ವಿದ್ಯಾರ್ಥಿವೇತನದ ಅರ್ಜಿ ಕಚೇರಿಯಲ್ಲಿ ಸಿಗುತ್ತದೆ, ಇಂಥ ವಾರ್ಡಿನವರು ಶನಿವಾರ ಬಂದು ಚರ್ಚು ಗುಡಿಸಿ ಒರೆಸಿ ಕೊಡಬೇಕು, ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಅಡ್ಡಿಯೇನಾದರೂ ಇರುವುದು ಗೊತ್ತಿದ್ದರೆ ತಿಳಿಸಬೇಕು. ಮದುವೆಯ ಪ್ರಕಟಣೆಯನ್ನು ಹೀಗೆ ಮೂರು ಭಾನುವಾರ ಓದುವುದು ಹಳೆಯ ಪದ್ಧತಿ. ಪೂಜೆ ಮುಗಿದ ಮೇಲೂ ಜನ ಚದುರುವುದಿಲ್ಲ. ಮಕ್ಕಳು ‘ದೊತೊರ್ನ್’ ಎಂದು ಕರೆಯುವ ಧರ್ಮೋಪದೇಶದ ತರಗತಿಗೆ ಓಡುತ್ತಾರೆ. ಅವರನ್ನು ಕಾಯುತ್ತಾ ದೊಡ್ಡವರು ಅಂಗಳದಲ್ಲಿ ನಿಂತು ಬಾಡಿಗೆ ಮನೆ, ಆಸ್ಪತ್ರೆ, ದುಬೈಯ ಕೆಲಸ, ಅಡಿಕೆ ಧಾರಣೆ ಎಲ್ಲ ಮಾತಾಡಿ ಮುಗಿಸುತ್ತಾರೆ.

ಈ ಅಂಗಳದ ಬೆಲೆ ಏನೆಂದು ಅರಿಯಬೇಕಾದರೆ ಕುಲಶೇಖರವನ್ನು ನೋಡಬೇಕು. ಮಂಗಳೂರಿನಿಂದ ಕಾರ್ಕಳದ ಕಡೆ ಹೊರಟರೆ ಊರು ಮುಗಿಯಿತು ಅನ್ನುವಲ್ಲಿ ಸಿಗುತ್ತಿದ್ದ ಜಾಗವಿದು. ಈಗ ನಗರ ಇದನ್ನೂ ದಾಟಿ ಮುಂದೆ ಹೋಗಿದೆ. ಹಾಲು ಒಕ್ಕೂಟದ ಡೇರಿಯಿಂದಾಗಿ ಜಿಲ್ಲೆಗೆಲ್ಲ ಪರಿಚಿತವಾದ ಈ ಊರಿನ ಕೊರ್ಡೆಲ್‌ನಲ್ಲಿ ಹೋಲಿ ಕ್ರಾಸ್ ಚರ್ಚ್ ಇದೆ. 1873ರಲ್ಲಿ ಅದನ್ನು ಸ್ಥಾಪಿಸಿದವರು ಅಲೆಕ್ಸಾಂಡರ್ ದ್ಯುಬುವಾ ಎಂಬ ಫ್ರೆಂಚ್ ಧರ್ಮಗುರು. ಜನ ಅವರನ್ನು ‘ಫ್ರಾದ್ ಸಾಯ್ಬ್’ ಎಂದು ಕರೆದರು, ಇಂದಿಗೂ ಹಾಗೆಯೇ ಸ್ಮರಿಸುತ್ತಾರೆ. ಅಂದು ಗುಡ್ಡದ ಮೇಲೊಂದು ಚರ್ಚ್ ಎಂದರೆ ಸುತ್ತಲಿನ ಒಕ್ಕಲು ಮನೆಗಳಿಗೆ ಗಡಿಯಾರ, ಶಾಲೆ, ನ್ಯಾಯದ ಕಟ್ಟೆ ಎಲ್ಲವೂ ಆಗಿತ್ತು. ಬೆಳಗ್ಗೆ, ಮಧ್ಯಾಹ್ನ, ಸಂಜೆಯ ಗಂಟೆ ಕೇಳಿ ಗದ್ದೆಯಲ್ಲಿದ್ದವರು ಹೊತ್ತು ತಿಳಿಯುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ನಿಧಾನಕ್ಕೆ ಬಡಿದರೆ ಯಾರದೋ ಮನೆಯಲ್ಲಿ ಸಾವಾಗಿದೆ ಎಂದು ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಗಂಟೆ, ಅಂಗಳ, ಕಟ್ಟಡ ಇದ್ದ ಮಾತ್ರಕ್ಕೆ ಚರ್ಚು ಊರವರ ಮನೆಯಾಗುವುದಿಲ್ಲ. ಕರಾವಳಿಯ ಚರ್ಚುಗಳನ್ನು ಹಾಗೆ ಮಾಡಿದ್ದು ಗುರ್ಕಾರ್ ಎಂಬ ಮನುಷ್ಯ.

ಒಂದು ಧರ್ಮಕೇಂದ್ರವನ್ನು, ಕೊಂಕಣಿಯಲ್ಲಿ ‘ಫಿರ್ಗಜ್’ ಅನ್ನುತ್ತಾರೆ, ಹಲವು ವಾರ್ಡುಗಳಾಗಿ ವಿಂಗಡಿಸಿರುತ್ತಾರೆ. ಈ ‘ವಾಡೊ’ಗಳಿಗೆ ಒಬ್ಬೊಬ್ಬ ಗುರ್ಕಾರ್. ನಡತೆಯಲ್ಲಿ ಒಳ್ಳೆಯವನೆಂದು ಹೆಸರಾದವನನ್ನು ಆರಿಸಿ ಹತ್ತಾರು ಮನೆಗಳ ಕಷ್ಟಸುಖ ನೋಡಿಕೊಳ್ಳುವ ಹೊಣೆ ಕೊಡುವುದು ಶತಮಾನಗಳ ಹಿಂದೆಯೇ ಬಂದ ಏರ್ಪಾಡು. ಗೋವೆಯಿಂದ ವಲಸೆ ಬಂದು ಕೆನರಾದ ಹಳ್ಳಿಗಳಲ್ಲಿ ಚದುರಿ ಬೇಸಾಯ ಹಿಡಿದ ಕೊಂಕಣಿ ಕ್ರೈಸ್ತರ ಬಳಿಗೆ ಪಾದ್ರಿಗಳು ಬರುತ್ತಿದ್ದುದೇ ಅಪರೂಪ. ಮದುವೆ ಮಾತುಕತೆಗೆ ಕೂರುವವನು, ಜಗಳ ಬಿಡಿಸುವವನು, ಸತ್ತವರ ಮನೆಗೆ ಮೊದಲು ಓಡುವವನು ಗುರ್ಕಾರನೇ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಕೆಳದಿಯ ರಾಣಿ ಚೆನ್ನಮ್ಮನ ಕಾಲದಲ್ಲಿ, 1680ರಲ್ಲಿ, ಬಿಷಪ್ ತೋಮಸ್ ದೆ ಕಾಸ್ತ್ರೊ ಕಟ್ಟಿಸಿದ್ದ ಮಿಲಾಗ್ರಿಸ್ ಚರ್ಚ್ ಸೇರಿದಂತೆ ಹಲವು ಚರ್ಚುಗಳು ನೆಲಸಮವಾದವು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಬದುಕುಳಿದವರು ಮರಳಿದಾಗ ಮನೆಯಿರಲಿಲ್ಲ, ಜಮೀನು ಕೈತಪ್ಪಿತ್ತು, ಚರ್ಚೂ ಇರಲಿಲ್ಲ. ಮುಂದಿನ ದಶಕಗಳಲ್ಲಿ ಚರ್ಚುಗಳೂ ಅವುಗಳ ಸುತ್ತ ಊರುಗಳೂ ಮತ್ತೆ ಎದ್ದವು. ಸಮುದಾಯವೊಂದು ಇಷ್ಟು ದೊಡ್ಡ ಪೆಟ್ಟಿನಿಂದ ಚೇತರಿಸಿಕೊಂಡದ್ದರ ಹಿಂದೆ, ಯಾವ ಮನೆಯಲ್ಲಿ ಯಾರಿದ್ದಾರೆಂದು ಬಲ್ಲ ಇಂಥ ಜನರ ಪಾತ್ರ ಸಣ್ಣದಲ್ಲ.

ಮನೆಗಳನ್ನು ಬಲ್ಲದ್ದು ಗುರ್ಕಾರ್ ಒಬ್ಬನೇ ಅಲ್ಲ, ಚರ್ಚಿನ ಕಚೇರಿಯ ಕಪಾಟೂ ಬಲ್ಲದು. ಅಲ್ಲಿರುವ ಜ್ಞಾನಸ್ನಾನದ ದಪ್ಪ ಪುಸ್ತಕಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಂದು ಮಗುವಿಗೆ ಒಂದು ಸಾಲು: ಹೆಸರು, ಹುಟ್ಟಿದ ದಿನ, ತಂದೆ ತಾಯಿ, ಜ್ಞಾನಸ್ನಾನಕ್ಕೆ ಎತ್ತಿಕೊಂಡವರು, ನೀರು ಹಾಕಿದ ಪಾದ್ರಿಯ ರುಜು. ಬದಿಯಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಆ ಮಗು ದೊಡ್ಡದಾಗಿ ಎಲ್ಲೋ ಮುಂಬೈಯಲ್ಲಿ, ಕುವೈತಿನಲ್ಲಿ ಮದುವೆಯಾದರೆ ಅಲ್ಲಿನ ಚರ್ಚಿನಿಂದ ಇಲ್ಲಿಗೆ ಪತ್ರ ಬರಬೇಕು, ಆ ಖಾಲಿ ಜಾಗದಲ್ಲಿ ಮದುವೆಯ ದಿನಾಂಕ ಸೇರಬೇಕು. ಜನನ ಪ್ರಮಾಣಪತ್ರ ಮಾಡಿಸುವ ರೂಢಿ ಇಲ್ಲದಿದ್ದ ಕಾಲದಲ್ಲಿ ಶಾಲೆಗೆ ಸೇರಿಸಲು, ನೌಕರಿಗೆ, ಪಾಸ್‌ಪೋರ್ಟಿಗೆ ಹಲವರು ಆಧಾರವಾಗಿ ಹಿಡಿದದ್ದು ಈ ಒಂದು ಸಾಲನ್ನು. ವಿದೇಶದಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ಅಜ್ಜನ ಊರು ಹುಡುಕಿಕೊಂಡು ಬಂದಾಗ ಮೊದಲು ತಟ್ಟುವುದೂ ಈ ಕಚೇರಿಯ ಬಾಗಿಲನ್ನೇ.

ಹೊರವಲಯದ ಚರ್ಚೊಂದು ತನ್ನ ಬಡಾವಣೆಯ ಚಹರೆಯನ್ನೇ ಬದಲಿಸಬಲ್ಲದು ಎಂಬುದಕ್ಕೆ ಬೆಂದೂರು ಸಾಕ್ಷಿ. ಇವತ್ತು ಅದು ಮಂಗಳೂರಿನ ನಡುಮಧ್ಯೆ ಇದೆ. ನೂರು ವರ್ಷಗಳ ಹಿಂದೆ ಪೇಟೆಯ ಅಂಚು. ಅಲ್ಲಿನ ಸಂತ ಸೆಬಾಸ್ಟಿಯನ್ ಚರ್ಚಿನ ಮುಖ್ಯ ಧರ್ಮಗುರುವಾಗಿದ್ದ ರೇಮಂಡ್ ಮಸ್ಕರೇನಸ್ ಅವರನ್ನು ಕಾಡಿದ್ದು ಹಳ್ಳಿಯ ಬಡ ಹೆಣ್ಣುಮಕ್ಕಳ ಓದಿನ ಪ್ರಶ್ನೆ. ಪೇಟೆಯ ಕಾನ್ವೆಂಟ್ ಶಾಲೆಗಳು ಆ ಮಕ್ಕಳ ಕೈಗೆ ಎಟುಕುತ್ತಿರಲಿಲ್ಲ. ಹಳ್ಳಿಗೆ ಹೋಗಿ ಕಲಿಸುವ ಮನಸ್ಸಿದ್ದ ಯುವತಿಯರಿಗೆ ಅದಕ್ಕೆ ತಕ್ಕ ಸಂಸ್ಥೆಯೂ ಇರಲಿಲ್ಲ. 1921ರ ಜುಲೈ 16ರಂದು ನಾಲ್ವರು ಯುವತಿಯರೊಂದಿಗೆ ಅವರು ಬೆಥನಿ ಧರ್ಮಭಗಿನಿಯರ ಸಂಸ್ಥೆಯನ್ನು ಆರಂಭಿಸಿದರು. ಒಂದು ಬಡಾವಣೆಯ ಚರ್ಚಿನಲ್ಲಿ ಹುಟ್ಟಿದ ಆ ಸಂಸ್ಥೆಯ ಶಾಲೆಗಳು ಕರ್ನಾಟಕದ ಮೂಲೆಮೂಲೆಗೂ, ಮುಂದೆ ಹೊರ ರಾಜ್ಯಗಳಿಗೂ ಹೋದವು. ಅದೇ 1921ರಲ್ಲಿ ಅದೇ ಬೆಂದೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. ಅದಕ್ಕೂ ಮೊದಲು, 1880ರಲ್ಲಿ, ಪಕ್ಕದ ಕಂಕನಾಡಿಯಲ್ಲಿ ಜರ್ಮನ್ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದ್ದರು. ಮುಂದೆ ಅದಕ್ಕೆ ಕುಷ್ಠರೋಗಿಗಳ ಆಸ್ಪತ್ರೆ ಸೇರಿತು, ಪ್ಲೇಗ್ ಬಂದಾಗ ಪ್ಲೇಗ್ ಆಸ್ಪತ್ರೆಯೂ ಸೇರಿತು. ಇಂದಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನ ಮೂಲ ಅದು.

ಪ್ರಾಟೆಸ್ಟಂಟರ ಕಡೆ ಕಥೆ ಬೇರೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮತಾಂತರವಾದವರು ಮನೆಯಿಂದ, ಜಾತಿಯಿಂದ ಹೊರಬಿದ್ದರು. ಅದರ ಜತೆಗೆ ಕುಲಕಸುಬೂ ಹೋಯಿತು, ಒಕ್ಕಲುತನವೂ ಹೋಯಿತು. ಅವರಿಗೆ ಅನ್ನಕ್ಕೆ ದಾರಿ ಮಾಡಬೇಕಾಗಿ ಬಂದದ್ದರಿಂದ ಮಿಷನ್ ಕೈಗಾರಿಕೆಗೆ ಇಳಿಯಿತು. 1841ರಲ್ಲಿ ಮುದ್ರಣಾಲಯ ಬಂತು. ಎರಡು ವರ್ಷಕ್ಕೆ, 1843ರ ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ನೇಯ್ಗೆ ಶುರುವಾಯಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ನೇತ್ರಾವತಿಯ ದಡದ ಜೇಡಿಮಣ್ಣು ದೋಣಿಯಲ್ಲಿ ಬಂದು ಹೆಂಚಾಗಿ ಹಡಗೇರಿತು. ಜೆಪ್ಪು ಆಗ ಪೇಟೆಯ ಹೊರಗಿನ ಜಾಗ. ಕಾರ್ಖಾನೆಯ ಬಳಿಯೇ ಕೆಲಸಗಾರರ ಮನೆಗಳು, ಮಕ್ಕಳಿಗೆ ಶಾಲೆ, ಭಾನುವಾರಕ್ಕೆ ಸಭೆ, ಎಲ್ಲವೂ ಒಂದೇ ಕೂಗಳತೆಯಲ್ಲಿ.

ಇದರಲ್ಲೊಂದು ತೊಡಕೂ ಇತ್ತು, ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಕೂಲಿ ಕೊಡುವವರೂ ಮಿಷನ್ನಿನವರೇ, ಸಭೆಯ ಶಿಸ್ತು ಕಾಯುವವರೂ ಅವರೇ ಆದಾಗ ಮನುಷ್ಯನಿಗೆ ಉಸಿರಾಡುವ ಜಾಗ ಕಿರಿದಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹೆಂಚಿನ ಉದ್ಯಮವೇ ಕೊನೆಗೆ ಸೊರಗಿತು. ಆದರೆ ಸಭೆಗಳು ಉಳಿದುಕೊಂಡವು. ಈಗ ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆಗೆ ಸೇರಿರುವ ಅವುಗಳ ಸುಗ್ಗಿ ಹಬ್ಬದ ದಿನ ಇವತ್ತಿಗೂ ಜನ ತಾವು ಬೆಳೆದ ತೆಂಗಿನಕಾಯಿ, ಬಾಳೆಗೊನೆ, ಹಲಸು, ಸಾಕಿದ ಕೋಳಿ ತಂದೊಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ ಏಲಂ. ಪೇಟೆಯಲ್ಲಿ ಐವತ್ತು ರೂಪಾಯಿ ಬಾಳುವ ಕುಂಬಳಕಾಯಿಗೆ ಐನೂರು ಕೂಗಿ ನಗುತ್ತಾ ಹೊತ್ತೊಯ್ಯುತ್ತಾರೆ. ಆ ಹಣದಿಂದ ಸಭೆಯ ಖರ್ಚು ನಡೆಯಬೇಕೆಂಬುದು ಎಲ್ಲರಿಗೂ ಗೊತ್ತು.

ಹೈದರಾಬಾದಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಮೇದಕಿನಲ್ಲಿ ಚರ್ಚು ಜನರ ಅನ್ನಕ್ಕೂ ದಾರಿಯಾಗಬಲ್ಲದು ಎಂಬುದಕ್ಕೆ ಕಲ್ಲಿನ ಸಾಕ್ಷಿ ನಿಂತಿದೆ. ಅಲ್ಲಿನ ಕೆಥೀಡ್ರಲ್ ಕಟ್ಟಿಸಿದವರು ವೆಸ್ಲಿಯನ್ ಮೆಥಡಿಸ್ಟ್ ಪಾದ್ರಿ ಚಾರ್ಲ್ಸ್ ವಾಕರ್ ಪಾಸ್ನೆಟ್. ಮಳೆ ಕೈಕೊಟ್ಟು ಬರ ಬಂದಾಗ ಸುತ್ತಲಿನ ಹಳ್ಳಿಗರಿಗೆ ಸುಮ್ಮನೆ ದಾನ ಹಂಚುವುದರ ಬದಲು ಕಟ್ಟಡದ ಕೆಲಸ ಕೊಟ್ಟು ಅನ್ನ ಕೊಟ್ಟರು. ಹತ್ತು ವರ್ಷ ನಡೆದ ಕೆಲಸ 1924ರ ಡಿಸೆಂಬರ್ 25ರಂದು ಪೂರ್ಣಗೊಂಡು ಚರ್ಚ್ ಪ್ರತಿಷ್ಠೆಯಾಯಿತು. ಅದರ ಗೋಪುರ 175 ಅಡಿ ಎತ್ತರ. ಬಣ್ಣದ ಗಾಜಿನ ಕಿಟಕಿಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಆ ಗೋಡೆಗಳ ಕಲ್ಲು ಹೊತ್ತು ಬರಗಾಲ ದಾಟಿದ ಮನೆತನಗಳ ನೆನಪಿನಲ್ಲಿ ಅದು ಮೊದಲು ಅನ್ನ ಕೊಟ್ಟ ಜಾಗ.

ಮೇದಕಿನ ಹತ್ತಿರದ ಮಹಾನಗರದಲ್ಲಿ ಈಗ ಇನ್ನೊಂದು ಬಗೆಯ ಹೊರವಲಯ ಬೆಳೆದಿದೆ. 1998ರ ನವೆಂಬರ್ 22ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಉದ್ಘಾಟಿಸಿದ ಮೇಲೆ ಬಂಡೆ ತುಂಬಿದ ಮಾದಾಪುರದ ಚಿತ್ರವೇ ಬದಲಾಯಿತು. ಬೀದರ್, ಕಲಬುರಗಿ, ಯಾದಗಿರಿ ಕಡೆಯ ಹುಡುಗ ಹುಡುಗಿಯರಿಗೆ ಬೆಂಗಳೂರಿಗಿಂತ ಹತ್ತಿರದ ಕೆಲಸದೂರು ಇದು. ಪಿಜಿಯಲ್ಲಿ ಮಲಗಿ, ಆಫೀಸಿನಲ್ಲಿ ಎದ್ದು, ಪಕ್ಕದ ಕೋಣೆಯವರ ಹೆಸರೂ ತಿಳಿಯದೆ ವರ್ಷ ಕಳೆಯುವವರು ಇಂಥ ಬಡಾವಣೆಗಳಲ್ಲಿ ಬಹಳ. ಕಾಸು ಕೊಟ್ಟು ಕಾಫಿ ಕುಡಿಯದೆ, ಟಿಕೆಟು ಕೊಳ್ಳದೆ ನಾಲ್ಕು ಜನ ಕೂತು ಮಾತಾಡುವ ಜಾಗ ಹುಡುಕಿದರೆ ಸಿಗುವುದು ಕಷ್ಟ. ನೆಲದ ಬೆಲೆ ನೋಡಿದರೆ ಹೊಸದಾಗಿ ಅಂಗಳವಿರುವ ಚರ್ಚು ಕಟ್ಟುವುದು ಸಣ್ಣ ಸಭೆಗಳಿಗೆ ಆಗದ ಮಾತು. ಹಾಗಾಗಿ ಐಟಿ ಬಡಾವಣೆಗಳ ಹೊಸ ಸಭೆಗಳು ಭಾನುವಾರ ಬೆಳಗ್ಗೆ ಶಾಲೆಯ ಸಭಾಂಗಣವನ್ನೋ ಫಂಕ್ಷನ್ ಹಾಲನ್ನೋ ಬಾಡಿಗೆಗೆ ಹಿಡಿಯುತ್ತವೆ. ಕೀಬೋರ್ಡು, ಸ್ಪೀಕರ್ ಹೊತ್ತು ತಂದು ಜೋಡಿಸಿ, ಮಧ್ಯಾಹ್ನದ ಆರತಕ್ಷತೆಯವರು ಬರುವುದರೊಳಗೆ ಕಳಚಿ ಖಾಲಿ ಮಾಡಬೇಕು. ಅಂಗಳದಲ್ಲಿ ನಿಂತು ಹರಟಲು ಹೊತ್ತೇ ಇಲ್ಲ. ಅದಕ್ಕೇ ಅವರು ವಾರದ ನಡುವೆ ಸಂಜೆ ಯಾರದಾದರೂ ಫ್ಲ್ಯಾಟಿನಲ್ಲಿ ಸಣ್ಣ ಗುಂಪಾಗಿ ಸೇರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಮಾತು ಕೆಲಸ ಕಳೆದುಕೊಂಡವರ ರೆಸ್ಯೂಮೆಯ ಕಡೆಗೂ ಬಾಣಂತಿಗೆ ಊಟ ಕಳಿಸುವ ಸರದಿಯ ಕಡೆಗೂ ಹೊರಳುತ್ತದೆ. ಮಂಗಳೂರಿನ ವಾಡೊ ಮಾಡುವ ಕೆಲಸವನ್ನು ಇಲ್ಲಿ ಈ ಗುಂಪುಗಳು ಮಾಡುತ್ತಿವೆ. ಕೊರತೆಯಿರುವುದು ನೆಲದ್ದು. ಬಾಡಿಗೆಯ ಸಭೆಯಲ್ಲಿ ತನ್ನವರ ಕಾಳಜಿ ನಡೆಯುತ್ತದೆ, ಆದರೆ ಪಕ್ಕದ ಬೀದಿಯ ಬೇರೆ ಧರ್ಮದ ಮಗು ಬಂದು ಆಡಲು ಮೈದಾನವಿರುವುದಿಲ್ಲ.

ಕರಾವಳಿಯ ಹಳೆಯ ಚರ್ಚುಗಳ ದೊಡ್ಡ ಆಸ್ತಿ ಎಲ್ಲರಿಗೂ ತೆರೆದ ಆ ನೆಲವೇ. ಮಿಲಾಗ್ರಿಸ್ ಸಭಾಂಗಣದಲ್ಲಿ, ಇತರ ಚರ್ಚುಗಳ ಹಾಲ್‌ಗಳಲ್ಲಿ ಎಲ್ಲ ಧರ್ಮದವರ ಮದುವೆ, ಪುಸ್ತಕ ಬಿಡುಗಡೆ, ನಾಟಕ, ಸಂಘಗಳ ವಾರ್ಷಿಕೋತ್ಸವ ನಡೆಯುವುದು ಮಂಗಳೂರಿನವರಿಗೆ ವಿಶೇಷವೇ ಅಲ್ಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜನವರಿ ಜಾತ್ರೆಗೆ ಹರಕೆಯ ಮೇಣದಬತ್ತಿ ಹಿಡಿದು ಬರುವವರಲ್ಲಿ ಕ್ರೈಸ್ತರಲ್ಲದವರು ಸಾವಿರಾರು. ಚರ್ಚಿನ ಜಾಗ ಹೀಗೆ ಊರಿಗೆ ಒದಗುವುದು ಇಲ್ಲಿ ಮಾತ್ರವಲ್ಲ. ಬ್ರಿಟನ್ನಿನಲ್ಲಿ ಭಾನುವಾರ ಬರುವವರು ಕಡಿಮೆಯಾದ ಮೇಲೆ ಎಷ್ಟೋ ಚರ್ಚುಗಳು ತಮ್ಮ ಹಾಲ್‌ಗಳಲ್ಲಿ ಬಡವರಿಗೆ ದಿನಸಿ ಕೊಡುವ ಫುಡ್ ಬ್ಯಾಂಕು ತೆರೆದಿವೆ. ಕೆಲವು ಹಳ್ಳಿಗಳಲ್ಲಿ ಅಂಚೆ ಕಚೇರಿಯೂ ಚರ್ಚಿನೊಳಗಿದೆ. ದಾಸೋಹದ ಮಠಗಳನ್ನು ಕಂಡ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ, ಈ ಎಲ್ಲವನ್ನೂ ಒಂದೆಡೆ ತೋರಿಸುತ್ತದೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂವು ತಂದು ಬಾಲ ಮರಿಯಮ್ಮನಿಗೆ ಎರಚುತ್ತಾರೆ. ಡೇರೆ, ದಾಸವಾಳ, ಗೌರಿಹೂ, ಬೇಲಿಯ ಮೇಲಿನ ಕಾಡುಹೂ, ಸಿಕ್ಕಿದ್ದೆಲ್ಲ ನಡೆಯುತ್ತದೆ. ಹಿತ್ತಲಿಲ್ಲದ ಫ್ಲ್ಯಾಟಿನ ಮಕ್ಕಳು ಅಕ್ಕಪಕ್ಕದ ಮನೆಗಳ ಅಂಗಳದಲ್ಲಿ ಬೇಡಿ ತರುತ್ತಾರೆ, ಕೊಡುವ ಮನೆಗಳಿಗೆ ಧರ್ಮದ ಭೇದವಿಲ್ಲ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಹೂ ತಂದ ಮಕ್ಕಳಿಗೆ ಕಬ್ಬಿನ ಜಲ್ಲೆ. ಮನೆಯಲ್ಲಿ ಆ ತೆನೆಯ ಕಾಳು ಸುಲಿದು, ಜಜ್ಜಿ, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಕುಡಿದ ಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ಗದ್ದೆಗಳು ಸೈಟುಗಳಾದ ಬಡಾವಣೆಯ ಚರ್ಚುಗಳು ಈಗ ಗದ್ದೆ ಉಳಿದಿರುವ ಹಳ್ಳಿಗಳಿಂದ ತೆನೆ ತರಿಸಬೇಕು. ತರಿಸುವುದನ್ನು ಮಾತ್ರ ಬಿಟ್ಟಿಲ್ಲ.

ಎಲ್ಲವೂ ಸರಿಯಾಗಿದೆಯೆಂದು ಇದರರ್ಥವಲ್ಲ. ಒಂದೇ ಬೆಂಚಿನಲ್ಲಿ ಕೂತು ಪೂಜೆ ಕೇಳಿದವರು ಮದುವೆ ಮಾತಿಗೆ ಬಂದಾಗ ಜಾತಿ ಕೇಳುವುದು ಕರಾವಳಿಯ ಕ್ರೈಸ್ತರಲ್ಲಿ ಇನ್ನೂ ಹೋಗಿಲ್ಲ. ಚರ್ಚಿನ ಹಾಲ್‌ಗಳು ಒಂದೊಂದಾಗಿ ಹವಾನಿಯಂತ್ರಿತವಾಗಿ ಬಾಡಿಗೆ ಏರಿದಂತೆ, ಅವುಗಳನ್ನು ಕಟ್ಟಲು ವಂತಿಗೆ ಕೊಟ್ಟ ಬಡ ಮನೆಯವರಿಗೇ ಅಲ್ಲಿ ಮಗಳ ಮದುವೆ ಮಾಡುವುದು ಕಷ್ಟವಾಗುತ್ತದೆ. ಇದು ಪಾಲನಾ ಮಂಡಳಿಗಳು ಗಟ್ಟಿಯಾಗಿ ಚರ್ಚಿಸಬೇಕಾದ ವಿಷಯ. ಚರ್ಚಿನ ಪಕ್ಕದ ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆಗಳ ಸ್ಥಿತಿ ಇನ್ನೂ ನೋವಿನದು. ಬೀಡಿ ಕಟ್ಟುವವರ, ಹೆಂಚಿನ ಕೆಲಸದವರ, ಮೀನು ಮಾರುವವರ ಮಕ್ಕಳು ಧರ್ಮ ನೋಡದೆ ಒಂದೇ ಬೆಂಚಿನಲ್ಲಿ ಕೂತ ಶಾಲೆಗಳವು. ಮಕ್ಕಳಿಲ್ಲದೆ, ಅನುದಾನಿತ ಶಿಕ್ಷಕರ ನೇಮಕವಿಲ್ಲದೆ ಅವು ಮುಚ್ಚಿಹೋದಾಗ ಚರ್ಚಿಗೂ ನೆರೆಕರೆಗೂ ಇದ್ದ ಬಲವಾದ ಕೊಂಡಿಯೊಂದು ಕಳಚುತ್ತದೆ. ಪಕ್ಕದಲ್ಲೇ ಏಳುವ ಇಂಗ್ಲಿಷ್ ಮಾಧ್ಯಮದ ಶಾಲೆ ಶುಲ್ಕ ಕೊಡಬಲ್ಲವರದು.

2008ರ ಸೆಪ್ಟೆಂಬರ್ 14 ಇನ್ನೊಂದು ಗಾಯ. ಆ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಬಳಿಯ ಅಡೋರೇಶನ್ ಮೊನಾಸ್ಟರಿಯ ಮೇಲೆ, ಕರಾವಳಿಯ ಇತರ ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದವು. ಆಮೇಲೆ ಚರ್ಚುಗಳಿಗೆ ಕ್ಯಾಮೆರಾ ಬಂತು, ಕಾವಲುಗಾರರು ಬಂದರು, ಹಗಲಿಡೀ ತೆರೆದಿರುತ್ತಿದ್ದ ಗೇಟು ಹೊತ್ತಿಗೆ ಸರಿಯಾಗಿ ಮುಚ್ಚತೊಡಗಿತು. ಭಯಪಟ್ಟವರನ್ನು ದೂರುವಂತಿಲ್ಲ. ಆದರೂ ಗೇಟು ಹಾಕಿದ ಅಂಗಳಕ್ಕೆ ಸಂಜೆ ಕ್ರಿಕೆಟ್ ಆಡಲು ಬರುತ್ತಿದ್ದ ಹುಡುಗರು ಬರುವುದಿಲ್ಲ. ಒಮ್ಮೆ ಬಿಟ್ಟುಹೋದ ಹುಡುಗರನ್ನು ಮತ್ತೆ ಕರೆತರುವುದು ಸುಲಭವಲ್ಲ. ಆ ಗೇಟುಗಳನ್ನು ಪುನಃ ತೆರೆದಿಟ್ಟ ಧರ್ಮಗುರುಗಳು ಮಾಡಿದ್ದು ಧೈರ್ಯದ ಕೆಲಸ.

ಹೊರವಲಯದ ಧರ್ಮಕೇಂದ್ರಗಳ ಮುಂದೆ ಈಗ ಬೆಳೆಯುತ್ತಿರುವ ಕೆಲಸ ಮುದುಕರದು. ಮಕ್ಕಳು ಕೊಲ್ಲಿಯಲ್ಲಿ, ಕೆನಡಾದಲ್ಲಿ, ಬೆಂಗಳೂರಿನಲ್ಲಿ. ಇಲ್ಲಿ ದೊಡ್ಡ ಮನೆ, ಒಳಗೆ ಇಬ್ಬರೋ ಒಬ್ಬರೋ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಘಟಕಗಳು ಇಲ್ಲಿನ ಚರ್ಚುಗಳಲ್ಲಿ ಬಹಳ ಕಾಲದಿಂದ ಬಡ ಮನೆಗಳಿಗೆ ತಿಂಗಳ ದಿನಸಿ ಕೊಡುತ್ತಾ, ಮನೆ ರಿಪೇರಿ ಮಾಡಿಸುತ್ತಾ ಬಂದಿವೆ. ಈಗ ಅವರ ಪಟ್ಟಿಗೆ ದುಡ್ಡಿದ್ದೂ ಜನರಿಲ್ಲದ ಮನೆಗಳು ಸೇರಿವೆ. ಅಂಥ ಮನೆಗೆ ಬೇಕಾದದ್ದು ರಕ್ತದೊತ್ತಡದ ಮಾತ್ರೆ ತಂದುಕೊಡುವವರು, ಬ್ಯಾಂಕಿನ ಸಂದೇಶ ಓದಿ ಹೇಳುವವರು, ರಾತ್ರಿ ಎದೆನೋವು ಬಂದರೆ ಫೋನ್ ಎತ್ತುವವರು. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಡಲು ಧರ್ಮಗುರುಗಳು ಮನೆಗೆ ಬರುವ ದಿನವನ್ನು ಈ ಹಿರಿಯರು ಕಾದು ಕೂರುತ್ತಾರೆ.

ಇಲ್ಲಿಯೂ ಮತ್ತೆ ಬೇಕಾಗಿರುವುದು ಗುರ್ಕಾರ್. ಆದರೆ ವಾಡೊ ಈಗ ಓಣಿಯಲ್ಲ, ಹದಿನೈದು ಮಹಡಿಯ ಕಟ್ಟಡ. ಕೆಳಗೆ ಸೆಕ್ಯುರಿಟಿಯವರ ಪುಸ್ತಕದಲ್ಲಿ ಹೆಸರು ಬರೆದು, ಮೇಲಿನವರ ಒಪ್ಪಿಗೆ ಬಂದ ಮೇಲೆ ಲಿಫ್ಟು ಹತ್ತಬೇಕು. ಹೊಸದಾಗಿ ಬಂದ ಬಾಡಿಗೆಯವರು ಯಾವ ಚರ್ಚಿನವರೆಂದು ಕೇಳುವುದಕ್ಕೂ ಸಂಕೋಚ. ಸಂಬಳವಿಲ್ಲದ, ಬೈಗುಳವೂ ಇರುವ ಈ ಹೊಣೆ ಹೊರಲು ನಡುವಯಸ್ಸಿನ ಗಂಡಸರು ಹಿಂದೆಗೆಯುತ್ತಿದ್ದಾರೆ. ಒಂದು ಕಾಲಕ್ಕೆ ಗಂಡಸರಿಗೇ ಮೀಸಲಾಗಿದ್ದ ಈ ಜಾಗಕ್ಕೆ ಈಗ ಹೆಂಗಸರೂ ಬಂದಿದ್ದಾರೆ, ಹಲವೆಡೆ ನಿವೃತ್ತ ಟೀಚರುಗಳು, ದಾದಿಯರು. ವಾರ್ಡಿನ ವಾಟ್ಸ್ಆ್ಯಪ್ ಗುಂಪು ನಡೆಸುವವರೂ ಅವರೇ, ಗುಂಪಿನಲ್ಲಿ ಎರಡು ದಿನ ಸದ್ದಿಲ್ಲದ ಒಂಟಿ ಮುದುಕಿಯ ಮನೆಗೆ ಹೋಗಿ ಕರೆಗಂಟೆ ಒತ್ತುವವರೂ ಅವರೇ.